ಬಚ್ಚಲಿಗೆ ಬಂದ ಇರುವೆಗಳು: ಮರುಕಳಿಸುತ್ತಿದ್ದ ಯೀಸ್ಟ್ ಸೋಂಕಿನ ಒಂದು ಪ್ರಕರಣ ಅಧ್ಯಯನ

ರೋಗಿಯ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಊರು, ವಯಸ್ಸು, ಉದ್ಯೋಗ ಮತ್ತು ಮನೆಯ ವಿವರಗಳಲ್ಲಿ ಕೆಲವನ್ನು ಬದಲಿಸಿದ್ದೇನೆ. ಕಾಯಿಲೆ ಸಾಗಿದ ಕ್ರಮವನ್ನಾಗಲೀ ಔಷಧಗಳನ್ನಾಗಲೀ ಬದಲಿಸಿಲ್ಲ. ಚಿಕಿತ್ಸೆ ನೀಡಿದವರಲ್ಲಿ ನಾನೂ ಒಬ್ಬ. ಕೆಳಗೆ ಬರುವ ತಪ್ಪುಗಳಲ್ಲಿ ಮೊದಲನೆಯದು ನನ್ನದೇ.

ಹಿನ್ನೆಲೆ

ಆಕೆಗೆ ಆಗ 44 ವರ್ಷ. ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕಿ. ಮನೆಯಲ್ಲಿ ಗಂಡ, ಕಾಲೇಜಿಗೆ ಹೋಗುವ ಮಗಳು ಮತ್ತು ವಯಸ್ಸಾದ ಅತ್ತೆ. ಆರು ವರ್ಷಗಳಿಂದ ಟೈಪ್ 2 ಮಧುಮೇಹವಿತ್ತು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದರೂ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ. 8.9ರಿಂದ ಕೆಳಗಿಳಿಯುತ್ತಿರಲಿಲ್ಲ, ತೂಕವೂ ಏರುತ್ತಿತ್ತು. ಮೂತ್ರಪಿಂಡ ಚೆನ್ನಾಗಿತ್ತು, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇರಲಿಲ್ಲ, ಹೃದಯದ ತೊಂದರೆಯೂ ಇರಲಿಲ್ಲ. ಈ ಕೊನೆಯ ಮೂರು ಸಂಗತಿಗಳು ಮುಂದೆ ನಿರ್ಧಾರದ ಹೊತ್ತಿನಲ್ಲಿ ಲೆಕ್ಕಕ್ಕೆ ಬಂದವು.

ನಾನು ಗ್ಲಿಮೆಪಿರೈಡ್ ನಿಲ್ಲಿಸಿ, ಅದರ ಬದಲಿಗೆ ಡಾಪಾಗ್ಲಿಫ್ಲೋಜಿನ್ 10 ಮಿಲಿಗ್ರಾಂ ಬರೆದೆ. ಎಸ್‌ಜಿಎಲ್‌ಟಿ2 ತಡೆಕಾರಕಗಳೆಂಬ ಈ ಗುಂಪಿನ ಮಾತ್ರೆಗಳು ಮೊದಲು ದುಬಾರಿಯಾಗಿದ್ದವು. 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದ ಮೇಲೆ ಭಾರತದ ಹಲವು ಕಂಪನಿಗಳು ಅದನ್ನು ತಯಾರಿಸತೊಡಗಿ, ತಾಲ್ಲೂಕಿನ ಔಷಧಿ ಅಂಗಡಿಗಳಲ್ಲೂ ಕೈಗೆಟುಕುವ ಬೆಲೆಗೆ ಸಿಗುವಂತಾಯಿತು. ಆರೋಗ್ಯವಂತ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸನ್ನು ಸೋಸಿ, ಹೆಚ್ಚುಕಡಿಮೆ ಅಷ್ಟನ್ನೂ ಮರಳಿ ರಕ್ತಕ್ಕೆ ಹೀರಿಕೊಳ್ಳುತ್ತವೆ. ಈ ಮಾತ್ರೆ ಆ ಮರುಹೀರಿಕೆಯನ್ನು ಅರ್ಧಂಬರ್ಧ ತಡೆಯುವುದರಿಂದ, ಮಧುಮೇಹಿಯೊಬ್ಬರಲ್ಲಿ ದಿನಕ್ಕೆ 60ರಿಂದ 80 ಗ್ರಾಂ ಗ್ಲೂಕೋಸ್, ಅಂದರೆ ಹನ್ನೆರಡು ಹದಿನೈದು ಟೀ ಚಮಚ ಸಕ್ಕರೆಯಷ್ಟು, ಮೂತ್ರದ ಮೂಲಕ ಹೊರಹೋಗುತ್ತದೆ. ರಕ್ತದ ಸಕ್ಕರೆ ಇಳಿಯುತ್ತದೆ, ತೂಕವೂ ತುಸು ಇಳಿಯುತ್ತದೆ. ಹೃದಯ ವೈಫಲ್ಯ ಮತ್ತು ಮೂತ್ರಪಿಂಡ ಕಾಯಿಲೆ ಇರುವವರಿಗೆ ಅದರಿಂದ ಆಗುವ ಉಪಕಾರ ಸಕ್ಕರೆಯ ಲೆಕ್ಕಕ್ಕಿಂತಲೂ ದೊಡ್ಡದು. ಆದರೆ ಆ ಸಕ್ಕರೆ ಹೊರಹೋಗುವ ದಾರಿಯಲ್ಲಿ ಯೀಸ್ಟ್ ಎಂಬ ಸೂಕ್ಷ್ಮ ಶಿಲೀಂಧ್ರ ನಿವಾಸಿಯೂ ಇದೆ. ಇದು ನನಗೆ ಗೊತ್ತಿತ್ತು. ಔಷಧ ಬರೆದುಕೊಡುವಾಗ ನಾನು ಹೇಳಿದ ಮಾತು ಇಷ್ಟು: “ಸ್ವಲ್ಪ ಇನ್ಫೆಕ್ಷನ್ ಆಗಬಹುದು, ನೀರು ಚೆನ್ನಾಗಿ ಕುಡಿಯಿರಿ.” ಪಕ್ಕದಲ್ಲಿ ಗಂಡ ಕೂತಿದ್ದರು, ಬಾಗಿಲ ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಎಲ್ಲಿ ಇನ್ಫೆಕ್ಷನ್, ಎಂಥದು, ಬಂದರೆ ಏನು ಮಾಡಬೇಕು ಎಂಬುದನ್ನು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ.

ತೊಂದರೆ ಶುರುವಾದದ್ದು

ಮಾತ್ರೆ ಶುರುಮಾಡಿ ಮೂರು ವಾರಕ್ಕೆ ಜನನಾಂಗದಲ್ಲಿ ನವೆ ಕಾಣಿಸಿಕೊಂಡಿತು. ಒಂದು ವಾರದಲ್ಲಿ ಉರಿ, ಜತೆಗೆ ಬಿಳಿ ಸೆರಗು. ತರಗತಿಯಲ್ಲಿ ನಿಂತು ಪಾಠ ಮಾಡುವುದೇ ಕಷ್ಟವಾಗುತ್ತಿತ್ತು ಎಂದು ಆಕೆ ಎಷ್ಟೋ ತಿಂಗಳ ನಂತರ ಹೇಳಿದರು. ಅತ್ತೆಯವರ ನಿರ್ಣಯ ಸರಳವಾಗಿತ್ತು: ಮೈಗೆ ಉಷ್ಣವಾಗಿದೆ. ಎಳನೀರು, ಬಾರ್ಲಿ ಗಂಜಿ, ನೆನೆಸಿದ ಮೆಂತ್ಯ ಎಲ್ಲವೂ ಆಯಿತು. ಬೇವಿನೆಲೆ ಕುದಿಸಿದ ನೀರಿನಲ್ಲಿ ತೊಳೆದದ್ದೂ ಆಯಿತು. ಅದು ಸಾಲದೆಂದು ಗಾಯ ತೊಳೆಯುವ ಆಂಟಿಸೆಪ್ಟಿಕ್ ದ್ರವವನ್ನು ನೀರಿಗೆ ಬೆರೆಸಿ ದಿನಕ್ಕೆ ಎರಡು ಸಲ ತೊಳೆದುಕೊಂಡದ್ದರಿಂದ ಚರ್ಮ ಇನ್ನಷ್ಟು ಕೆರಳಿತು.

ಬಳಿಕ ಔಷಧಿ ಅಂಗಡಿ. ಹೆಣ್ಣುಮಗಳೊಬ್ಬಳು ಕೌಂಟರಿನಲ್ಲಿದ್ದ ಹೊತ್ತು ನೋಡಿಕೊಂಡು ಹೋಗಿ, “ತುರಿಕೆಗೆ ಕ್ರೀಮ್ ಕೊಡಿ” ಎಂದಷ್ಟೇ ಕೇಳಿದರು. ಸಿಕ್ಕಿದ್ದು ನಮ್ಮಲ್ಲಿ ಎಲ್ಲ ಕಡೆ ಸಿಗುವ, ಶಿಲೀಂಧ್ರನಾಶಕ, ಬ್ಯಾಕ್ಟೀರಿಯಾನಾಶಕ ಮತ್ತು ತೀವ್ರ ಸ್ಟೀರಾಯ್ಡ್ ಮೂರೂ ಒಂದೇ ಟ್ಯೂಬಿನಲ್ಲಿರುವ ಮುಲಾಮು. ಮೊದಲ ಎರಡು ದಿನ ಅದು ಪವಾಡದಂತೆ ಕೆಲಸ ಮಾಡುತ್ತದೆ, ಏಕೆಂದರೆ ಸ್ಟೀರಾಯ್ಡ್ ಕೆಂಪು ಮತ್ತು ನವೆಯನ್ನು ತಕ್ಷಣ ಅಡಗಿಸುತ್ತದೆ. ಆದರೆ ಯೀಸ್ಟನ್ನು ಹದ್ದುಬಸ್ತಿನಲ್ಲಿಡುವ ಸ್ಥಳೀಯ ರಕ್ಷಣೆಯನ್ನೂ ಅದೇ ಅಡಗಿಸುವುದರಿಂದ, ಮುಲಾಮು ನಿಲ್ಲಿಸಿದ ವಾರದಲ್ಲಿ ತೊಂದರೆ ಮೊದಲಿಗಿಂತ ಜೋರಾಗಿ ಮರಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಅಡಿ ತಂದು, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿದೆ. ಆಕೆಗೆ ಚೀಟಿಯನ್ನು ಯಾರೂ ಕೇಳಲಿಲ್ಲ. ಐದು ತಿಂಗಳಲ್ಲಿ ಆರು ಟ್ಯೂಬು ಮುಗಿದಿದ್ದವು.

ಎರಡನೆಯ ತಿಂಗಳಲ್ಲಿ ಮೂತ್ರ ಮಾಡುವಾಗ ಉರಿ ಜಾಸ್ತಿಯಾಯಿತು. ಆಗ ಆಕೆಗೆ ನನ್ನ ಮಾತು ನೆನಪಾಯಿತು: “ಇನ್ಫೆಕ್ಷನ್ ಆಗಬಹುದು, ನೀರು ಕುಡಿಯಿರಿ.” ನೀರು ಕುಡಿಯಲು ಹೇಳಿದ್ದರೆಂದ ಮೇಲೆ ಅದು ಮೂತ್ರದ ಇನ್ಫೆಕ್ಷನ್ನೇ ಇರಬೇಕೆಂದು ಊಹಿಸಿ, ಶಾಲೆಯ ಹತ್ತಿರದ ಚಿಕಿತ್ಸಾಲಯವೊಂದಕ್ಕೆ ಹೋಗಿ, “ಯೂರಿನ್ ಇನ್ಫೆಕ್ಷನ್ ಆಗಿದೆ” ಎಂದು ತಾವೇ ರೋಗನಿರ್ಣಯ ಹೇಳಿದರು. ಮೂತ್ರ ಪರೀಕ್ಷೆಯಲ್ಲಿ ಒಂದಷ್ಟು ಕೀವು ಕಣಗಳು ಕಂಡವು. ಯೋನಿಯ ಉರಿಯೂತದಿಂದಲೂ ಅವು ಮೂತ್ರದ ಮಾದರಿಗೆ ಸೇರಬಹುದು. ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆ ಮಾಡಿಸದೆ ಐದು ದಿನದ ಆಂಟಿಬಯೋಟಿಕ್ ಕೊಟ್ಟರು. ಉರಿ ಹೆಚ್ಚಿತು, ಬೇರೆ ಆಂಟಿಬಯೋಟಿಕ್ ಏಳು ದಿನ ಕೊಟ್ಟರು. ಚರ್ಮದ ಒಡಕುಗಳ ಮೇಲೆ ಮೂತ್ರ ತಾಗಿದಾಗ ಹೊರಗಡೆ ಆಗುವ ಉರಿಯೇ ಬೇರೆ, ಮೂತ್ರಕೋಶದ ಸೋಂಕಿನಲ್ಲಿ ಒಳಗಿನಿಂದ ಬರುವ ಉರಿಯೇ ಬೇರೆ. “ಉರಿ ಒಳಗೋ, ಹೊರಗೋ?” ಎಂಬ ಮೂರು ಪದದ ಪ್ರಶ್ನೆ ಅವೆರಡನ್ನು ಬಹುಮಟ್ಟಿಗೆ ಬೇರ್ಪಡಿಸುತ್ತದೆ. ಅದನ್ನು ಯಾರೂ ಕೇಳಲಿಲ್ಲ. ಇದನ್ನು ಆ ವೈದ್ಯರ ಮೇಲೆ ದೂರಾಗಿ ಹೇಳುತ್ತಿಲ್ಲ, ಏಕೆಂದರೆ ಅವರ ಮುಂದೆ ಹಾಗೆ ನಿರ್ಣಯಿಸಿಕೊಂಡು ಹೋಗುವಂತೆ ಆಕೆಯನ್ನು ಕಳಿಸಿದ್ದು ನನ್ನ ಅಸ್ಪಷ್ಟ ವಾಕ್ಯ.

ಆಂಟಿಬಯೋಟಿಕ್ ಯೀಸ್ಟನ್ನು ಮುಟ್ಟುವುದಿಲ್ಲ. ಅದು ಕೊಲ್ಲುವುದು ಯೋನಿಯಲ್ಲಿ ವಾಸವಾಗಿರುವ ಲ್ಯಾಕ್ಟೋಬ್ಯಾಸಿಲಸ್‌ಗಳನ್ನು, ಅಂದರೆ ಯೀಸ್ಟಿನ ಜತೆ ಜಾಗಕ್ಕೂ ಆಹಾರಕ್ಕೂ ಪೈಪೋಟಿ ನಡೆಸುವ ನೆರೆಹೊರೆಯನ್ನು.

ಎರಡು ತಪಾಸಣೆಗಳು ಮತ್ತು ಒಂದು ಪಥ್ಯ

ಮೂರನೆಯ ತಿಂಗಳಲ್ಲಿ ಆಕೆ ನನ್ನಲ್ಲಿಗೆ ತಪಾಸಣೆಗೆ ಬಂದಾಗ ಎಚ್‌ಬಿಎ1ಸಿ 7.4ಕ್ಕೆ ಇಳಿದಿತ್ತು, ಆರನೆಯ ತಿಂಗಳಲ್ಲಿ 6.9ಕ್ಕೆ. ತೂಕ ನಾಲ್ಕು ಕಿಲೊ ಇಳಿದಿತ್ತು. ಎರಡು ಸಲವೂ ನಾನು ಅಭಿನಂದಿಸಿದೆ, ಎರಡು ಸಲವೂ ಗಂಡ ಜತೆಗಿದ್ದರು, “ಬೇರೆ ಏನೂ ತೊಂದರೆಯಿಲ್ಲ ತಾನೇ?” ಎಂದು ನಾನು ಕೇಳಿದ ಧಾಟಿಯಲ್ಲೇ “ಇಲ್ಲ” ಎಂಬ ಉತ್ತರ ಅಡಗಿತ್ತು. ಆಕೆ ಇಲ್ಲ ಎಂದರು.

ಈ ನಡುವೆ ಸಹೋದ್ಯೋಗಿಯೊಬ್ಬರ ಸಲಹೆಯಂತೆ ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕದ 150 ಮಿಲಿಗ್ರಾಂನ ಒಂದೇ ಮಾತ್ರೆಯನ್ನು ತೆಗೆದುಕೊಂಡರು. ಅರ್ಧ ವಾಸಿಯಾದಂತಾಯಿತು. ಇಪ್ಪತ್ತು ದಿನ ಬಿಟ್ಟು ಇನ್ನೊಂದು, ಆಮೇಲೆ ಮತ್ತೊಂದು, ಹೀಗೆ ನಾಲ್ಕು. ವರ್ಷದಲ್ಲಿ ಮೂರು ಅಥವಾ ಹೆಚ್ಚು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಎಂದು ಪರಿಗಣಿಸಿ, ಯಾವ ಪ್ರಭೇದದ ಯೀಸ್ಟ್ ಎಂಬುದನ್ನು ಕಲ್ಚರ್ ಮಾಡಿ ನೋಡಬೇಕೆಂಬುದು ಈಗಿನ ರೂಢಿ. ಆದರೆ ಇಲ್ಲಿ ಪ್ರತಿ ಮಾತ್ರೆಯೂ ಪ್ರತ್ಯೇಕ ಘಟನೆಯಾಗಿತ್ತು, ಎಣಿಸುವವರು ಯಾರೂ ಇರಲಿಲ್ಲ.

ಏಳನೆಯ ತಿಂಗಳಲ್ಲಿ ಆಕೆ ಮೊಬೈಲಿನಲ್ಲಿ ಹುಡುಕತೊಡಗಿದರು. ಯೀಸ್ಟ್ ಇಡೀ ದೇಹವನ್ನೇ ತುಂಬಿಕೊಂಡಿರುತ್ತದೆ, ಆಯಾಸ, ಮರೆವು, ಹೊಟ್ಟೆಯುಬ್ಬರ ಎಲ್ಲದಕ್ಕೂ ಅದೇ ಕಾರಣ, ಅದನ್ನು ಉಪವಾಸ ಕೆಡವಿ ಹೊರಹಾಕಬೇಕು ಎಂದು ಹೇಳುವ ವಿಡಿಯೋಗಳು ಸಿಕ್ಕಿದವು. ಅವುಗಳಲ್ಲೊಂದು ಹೇಳಿದಂತೆ ಬೆಳಿಗ್ಗೆ ಎದ್ದೊಡನೆ ಗಾಜಿನ ಲೋಟದ ನೀರಿಗೆ ಉಗುಳಿ ನೋಡಿದರು. ಉಗುಳಿನಿಂದ ಬಿಳಿ ಎಳೆಗಳು ಕೆಳಗೆ ಇಳಿದವು. ಯಾರ ಉಗುಳಾದರೂ ಅದರಲ್ಲಿನ ಲೋಳೆಯ ಕಾರಣ ಹಾಗೆ ಇಳಿಯಬಹುದು. ಆಕೆ ಮಾತ್ರ ಹೆದರಿದರು. ಅನ್ನ, ಮುದ್ದೆ, ಚಪಾತಿ, ಹಣ್ಣು, ಹಾಲು ಬಿಟ್ಟರು. ಹುದುಗು ಬಂದ ಹಿಟ್ಟಿನಲ್ಲಿ ಯೀಸ್ಟ್ ಇರುತ್ತದೆಂದು ಇಡ್ಲಿ, ದೋಸೆಯನ್ನೂ ಬಿಟ್ಟರು. ಮನೆಯಲ್ಲಿ ಭಾನುವಾರ ದೋಸೆ ಹುಯ್ಯುವಾಗ ಅಡುಗೆಮನೆಯಿಂದ ಎದ್ದುಹೋಗುತ್ತಿದ್ದರಂತೆ. ಐದು ವಾರ ಸೌತೆಕಾಯಿ, ಸೊಪ್ಪು, ಮೊಟ್ಟೆ ಮತ್ತು ಬೇಯಿಸಿದ ಕೋಳಿಯ ಮೇಲೆ ಇದ್ದರು. ಡಾಪಾಗ್ಲಿಫ್ಲೋಜಿನ್ ಮಾತ್ರ ನಿಲ್ಲಿಸಲಿಲ್ಲ, ಏಕೆಂದರೆ ಅದು ಡಾಕ್ಟರು ಮೆಚ್ಚಿದ ಮಾತ್ರೆ.

ತಿರುವು

ಎಂಟನೆಯ ತಿಂಗಳ ಒಂದು ಸಂಜೆ ವಾಕರಿಕೆ, ವಿಪರೀತ ಸುಸ್ತು ಎಂದು ಆಕೆಯನ್ನು ಕರೆತಂದರು. ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 148. ಅಷ್ಟಕ್ಕೇ ಸಮಾಧಾನಪಟ್ಟು ವಾಂತಿಯ ಮಾತ್ರೆ ಕೊಟ್ಟು ಕಳಿಸುವುದು ಬಲು ಸುಲಭವಿತ್ತು. ಮೂತ್ರದಲ್ಲಿ ಅದ್ದಿದ ಪಟ್ಟಿಯಲ್ಲಿ ಗ್ಲೂಕೋಸಿನ ಚೌಕ ಕಡುಕಂದು ಬಣ್ಣಕ್ಕೆ ತಿರುಗಿತು. ಈ ಮಾತ್ರೆ ನುಂಗುವವರಲ್ಲಿ ಅದು ನಿರೀಕ್ಷಿತ. ನಿರೀಕ್ಷೆಯಿಲ್ಲದ್ದು ದೇಹ ಕೊಬ್ಬನ್ನು ಸುಟ್ಟಾಗ ಹುಟ್ಟುವ ಕೀಟೋನ್‌ಗಳನ್ನು ತೋರಿಸುವ ಪಕ್ಕದ ಚೌಕ ನೇರಳೆಯಾದದ್ದು. ಈ ಗುಂಪಿನ ಮಾತ್ರೆಗಳ ಜತೆಗೆ ಹಿಟ್ಟಿನ ಪದಾರ್ಥಗಳನ್ನು ಪೂರ್ತಿ ಬಿಟ್ಟರೆ, ರಕ್ತದ ಸಕ್ಕರೆ ಹೆಚ್ಚೇನೂ ಏರದೆಯೇ ಕೀಟೋನ್‌ಗಳಿಂದ ರಕ್ತ ಆಮ್ಲೀಯವಾಗುವ ಕೀಟೋ ಆಮ್ಲತೆ ಉಂಟಾಗುವ ಅಪಾಯವಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಈ ಗುಂಪಿನ ಬಗ್ಗೆ ಆ ಎಚ್ಚರಿಕೆ ಕೊಟ್ಟಿತ್ತು. ಮಾತ್ರೆ ಆ ಕ್ಷಣಕ್ಕೇ ನಿಲ್ಲಿಸಿ ರಕ್ತ ಪರೀಕ್ಷೆಗೆ ಕಳಿಸಿದೆವು. ರಕ್ತದ ಆಮ್ಲತೆಯನ್ನು ಸರಿದೂಗಿಸುವ ಬೈಕಾರ್ಬೊನೇಟ್ 20 ಇತ್ತು, ಆಮ್ಲತೆಯ ಅಂಚಿಗೆ ಬಂದು ನಿಂತಿದ್ದರು, ದಾಟಿರಲಿಲ್ಲ. ಡ್ರಿಪ್ ಹಾಕಿ, ಗಂಜಿ ಕುಡಿಸಿ, ರಾತ್ರಿಯಿಡೀ ಇರಿಸಿಕೊಂಡೆವು.

ಆ ರಾತ್ರಿ ಪಾಳಿಯಲ್ಲಿದ್ದ ಹಿರಿಯ ಶುಶ್ರೂಷಕಿ ಮಾಡಿದ ಕೆಲಸವನ್ನು ಇಲ್ಲಿ ದಾಖಲಿಸಲೇಬೇಕು. ಅವರು ರೋಗಿಯ ಗಂಡನನ್ನು ಊಟ ಮಾಡಿ ಬನ್ನಿ ಎಂದು ಹೊರಗೆ ಕಳಿಸಿ, ಕುರ್ಚಿ ಎಳೆದುಕೊಂಡು ಕೂತು, “ಇಷ್ಟು ಕಠಿಣ ಪಥ್ಯ ಯಾತಕ್ಕೆ ಹಿಡಿದಿರಿ?” ಎಂದು ಕೇಳಿದರು. ಎಂಟು ತಿಂಗಳ ಕಥೆ ಅಷ್ಟೂ ಆಗ ಹೊರಬಿತ್ತು. ಬೆಳಿಗ್ಗೆ ನಾನು ಹೋದಾಗ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಖಾಲಿ ಟ್ಯೂಬುಗಳು, ಮಾತ್ರೆಯ ಹಾಳೆಗಳು ತುಂಬಿದ ಪ್ಲಾಸ್ಟಿಕ್ ಚೀಲವಿತ್ತು. ಮಗಳು ಮನೆಯಿಂದ ತಂದದ್ದು. ನಾನು ಒಂದೊಂದೇ ಹೊರತೆಗೆದು ತಿಂಗಳವಾರು ಜೋಡಿಸುತ್ತಿದ್ದಾಗ ಆಕೆ ತಮಗೆ ಮೊದಲಿನಿಂದಲೂ ವಿಚಿತ್ರವೆನಿಸಿದ ಒಂದು ಸಂಗತಿ ಹೇಳಿದರು. ಸಕ್ಕರೆ 8.9 ಇದ್ದ ಕಾಲದಲ್ಲಿ ಅವರ ಬಚ್ಚಲುಮನೆಗೆ ಇರುವೆ ಬಂದದ್ದೇ ಅಪರೂಪ. ಸಕ್ಕರೆ ಹತೋಟಿಗೆ ಬಂತೆಂದು ನಾವೆಲ್ಲ ಸಂತೋಷಪಟ್ಟ ಮೇಲೆ ಕಾಲುವೆಯ ಅಂಚಿನಲ್ಲಿ ದಿನವೂ ಇರುವೆ ಸಾಲು. ಅತ್ತೆ, “ನಿನ್ನ ಡಾಕ್ಟರು ಸುಳ್ಳು ಹೇಳುತ್ತಾರೆ, ಸಿಹಿಮೂತ್ರ ಜಾಸ್ತಿಯೇ ಆಗಿದೆ” ಎಂದಿದ್ದರಂತೆ.

ಅತ್ತೆಯ ಮಾತು ಅಕ್ಷರಶಃ ಸರಿಯಾಗಿತ್ತು. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯಗ್ರಂಥಗಳು ಮಧುಮೇಹದ ಗುರುತಾಗಿ ಹೇಳಿವೆ. ಸಾಮಾನ್ಯವಾಗಿ ರಕ್ತದ ಸಕ್ಕರೆ 180ರ ಆಸುಪಾಸು ದಾಟಿದ ಮೇಲೆ ಮಾತ್ರ ಮೂತ್ರಕ್ಕೆ ಸಕ್ಕರೆ ಸುರಿಯುತ್ತದೆ. ಈ ಮಾತ್ರೆಯಲ್ಲಿ ರಕ್ತ ಸರಿಯಾಗಿದ್ದಾಗಲೂ ಸುರಿಯುತ್ತದೆ. ನನ್ನ ಕಣ್ಣು ಎಚ್‌ಬಿಎ1ಸಿಯ ಮೇಲಿತ್ತು, ಅತ್ತೆಯ ಕಣ್ಣು ಬಚ್ಚಲಿನ ಮೇಲಿತ್ತು. ಯೀಸ್ಟಿಗೆ ಸಂಬಂಧಪಟ್ಟ ಸಕ್ಕರೆ ಇದ್ದದ್ದು ಬಚ್ಚಲಿನ ಲೆಕ್ಕದಲ್ಲಿ.

ಕಾರಣಗಳನ್ನು ಬಿಡಿಸಿದ್ದು

ಯೀಸ್ಟ್ ಹೊರಗಿನಿಂದ ಹತ್ತಿದ ರೋಗ ಎಂದು ಆಕೆ ತಿಳಿದಿದ್ದರು. ಗಂಡನಿಂದ ಬಂತೇ ಎಂಬ ಸಂಶಯವೂ ಮನಸ್ಸಿನ ಮೂಲೆಯಲ್ಲಿತ್ತು. ಕ್ಯಾಂಡಿಡಾ ಎಂಬ ಈ ಯೀಸ್ಟ್ ಬಹಳಷ್ಟು ಜನರ ಬಾಯಿ, ಕರುಳುಗಳಲ್ಲಿ ಹಾಗೂ ಯಾವ ತೊಂದರೆಯೂ ಇಲ್ಲದ ನೂರು ಮಹಿಳೆಯರಲ್ಲಿ ಹತ್ತಿಪ್ಪತ್ತು ಮಂದಿಯ ಯೋನಿಯಲ್ಲಿ ತಣ್ಣಗೆ ವಾಸಿಸುತ್ತದೆ. ನಾಲ್ವರಲ್ಲಿ ಮೂವರು ಮಹಿಳೆಯರಿಗೆ ಬದುಕಿನಲ್ಲಿ ಒಮ್ಮೆಯಾದರೂ ಅದರ ಸೋಂಕು ಬರುತ್ತದೆಂಬ ಅಂದಾಜಿದೆ. ಕ್ಯಾಂಡಿಡಾ ಎಂಬ ಕುಲನಾಮ ರೂಢಿಗೆ ಬಂದದ್ದು 1923ರಲ್ಲಿ. ಲ್ಯಾಟಿನ್ನಿನಲ್ಲಿ ಅದರ ಅರ್ಥವೂ ಬಿಳಿ, ಅದರ ಮುಖ್ಯ ಪ್ರಭೇದದ ಹೆಸರಾದ ಅಲ್ಬಿಕನ್ಸ್ ಎಂಬುದರ ಅರ್ಥವೂ ಬಿಳಿಯಾಗುವುದು. ಬಿಳಿ ಸೆರಗು ಎಂದು ಹೇಳುವ ನಮ್ಮ ಹೆಂಗಸರಿಗೆ ಈ ಹೆಸರು ಅಪರಿಚಿತವೆನಿಸಬೇಕಿಲ್ಲ. ಆದ್ದರಿಂದ ಕೇಳಬೇಕಾದದ್ದು ಯೀಸ್ಟ್ ಎಲ್ಲಿಂದ ಬಂತೆಂದಲ್ಲ, ಸುಮ್ಮನಿದ್ದದ್ದು ಈಗ ಯಾಕೆ ಹೆಚ್ಚಿತು ಎಂದು.

ಚೀಲದಲ್ಲಿದ್ದ ಹಾಳೆಗಳನ್ನು ತಿಂಗಳವಾರು ಜೋಡಿಸಿದಾಗ ಉತ್ತರ ಮೇಜಿನ ಮೇಲೆಯೇ ಇತ್ತು. ಮಾತ್ರೆ ಆಹಾರ ಒದಗಿಸಿತು, ಮುಲಾಮಿನ ಸ್ಟೀರಾಯ್ಡ್ ಕಾವಲನ್ನು ಮಲಗಿಸಿತು, ಆಂಟಿಬಯೋಟಿಕ್‌ಗಳು ನೆರೆಹೊರೆಯನ್ನು ತೆರವು ಮಾಡಿದವು. ಮಧುಮೇಹ ಸ್ವತಃ ಬಿಳಿ ರಕ್ತಕಣಗಳ ಚುರುಕನ್ನು ಕುಗ್ಗಿಸುವುದರಿಂದ ನೆಲ ಮೊದಲೇ ಹದವಾಗಿತ್ತು. ಬೇರೆ ಕಾರಣಗಳನ್ನೂ ಕೈಬಿಡಲಿಲ್ಲ: ಒಪ್ಪಿಗೆ ಪಡೆದು ಎಚ್‌ಐವಿ ಪರೀಕ್ಷೆ ಮಾಡಿಸಿದೆವು, ಇರಲಿಲ್ಲ, ಗರ್ಭಿಣಿಯಲ್ಲ, ಹಾರ್ಮೋನ್ ಮಾತ್ರೆಯಿಲ್ಲ. ನಾಲಗೆಯ ಮೇಲಿನ ಬಿಳಿಯ ಬಗ್ಗೆ ಆಕೆಗೆ ಬಹಳ ಅಂಜಿಕೆಯಿತ್ತು. ಗಾಜ್ ಬಟ್ಟೆಯಿಂದ ಒರೆಸಿದೆ. ಬಾಯಿಯ ಕ್ಯಾಂಡಿಡಾ ಆಗಿದ್ದರೆ ಬಿಳಿ ಪೊರೆ ಕಿತ್ತುಬಂದು ಅಡಿಯಲ್ಲಿ ಕೆಂಪಾದ ಜಾಗ ಕಾಣಬೇಕಿತ್ತು. ಇದು ಒಣ ಬಾಯಿಯ ಸಾಮಾನ್ಯ ಲೇಪ, ಪಥ್ಯದ ಫಲ. ಇಡೀ ದೇಹದಲ್ಲಿ ಯೀಸ್ಟ್ ತುಂಬಿ ಆಯಾಸ, ಮರೆವು ತರುತ್ತದೆಂಬ ಕಲ್ಪನೆಯ ಬಗ್ಗೆಯೂ ಮಾತಾಡಿದೆವು. ಆ ಲಕ್ಷಣಗಳಿದ್ದ ಮಹಿಳೆಯರಿಗೆ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕ ಕೊಟ್ಟು ಅಮೆರಿಕದಲ್ಲಿ ಮಾಡಿದ, 1990ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಯೋನಿಯ ತೊಂದರೆ ತಗ್ಗಿತೇ ಹೊರತು, ಆಯಾಸದಂಥ ಲಕ್ಷಣಗಳ ಮಟ್ಟಿಗೆ ಅದು ಔಷಧವಿಲ್ಲದ ಬರಿಯ ಗುಳಿಗೆಗಿಂತ ಮೇಲೆನಿಸಲಿಲ್ಲ. ಕ್ಯಾಂಡಿಡಾ ನಿಜವಾಗಿ ರಕ್ತಕ್ಕೆ ನುಗ್ಗುವುದುಂಟು, ಆದರೆ ಅದು ಬಹುಪಾಲು ತೀವ್ರ ನಿಗಾ ಘಟಕದಲ್ಲಿ, ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡು ಮಲಗಿದವರ ಕಾಯಿಲೆ. ತರಗತಿಯಲ್ಲಿ ಪ್ರಮೇಯ ಬಿಡಿಸುವವರದಲ್ಲ.

ಇಡ್ಲಿಯ ವಿಷಯಕ್ಕೆ ಆಕೆ ಪಟ್ಟು ಹಿಡಿದರು. ಹಿಟ್ಟು ಉಬ್ಬುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿಂದ, ಯೀಸ್ಟಿನ ಪಾಲು ಕಿರಿದು. ಇದ್ದದ್ದೂ ಹಬೆಯಲ್ಲಿ ಬೆಂದು ಸಾಯುತ್ತದೆ ಎಂದೆ. ಅಷ್ಟು ಸಾಕಾಗಲಿಲ್ಲ. ಸತ್ತ ಯೀಸ್ಟ್ ಹುಟ್ಟಿಬರುವುದೆಂದು ಯಾವ ಗಣಿತದಲ್ಲಿದೆ ಎಂದು ಶುಶ್ರೂಷಕಿ ಕೇಳಿದ ಮೇಲೆ ನಕ್ಕರು.

ಸ್ಲೈಡಿನ ತಪ್ಪು

ಮಾತ್ರೆ ನಿಲ್ಲಿಸಿದ ಮೇಲೆ ಎಲ್ಲವೂ ತಾನಾಗಿ ಸರಿಹೋಗುತ್ತದೆಂದು ನಾನು ಎಣಿಸಿದ್ದೆ. ಮೂರು ವಾರಕ್ಕೆ ನವೆ ತಗ್ಗಿತೇ ಹೊರತು ಹೋಗಲಿಲ್ಲ. ಸ್ಟೀರಾಯ್ಡ್ ಮುಲಾಮನ್ನು ಬಿಡಿಸಿ ವಾರ ಕಾದು, ಸ್ತ್ರೀರೋಗ ತಜ್ಞೆಯೊಬ್ಬರ ಬಳಿ ಕಳಿಸಿದೆ. ಅವರು ಕಂಡದ್ದು ಕೆಂಪು, ಸಣ್ಣ ಒಡಕುಗಳು, ಅಲ್ಪ ಸ್ರಾವ. ಪುಸ್ತಕದಲ್ಲಿರುವಂತೆ ಒಡೆದ ಮೊಸರಿನ ಗಡ್ಡೆಗಳಿರಲಿಲ್ಲ. ಆಮ್ಲತೆಯ ಅಳತೆಯಾದ ಪಿಎಚ್ 4.2, ಅಂದರೆ ಬ್ಯಾಕ್ಟೀರಿಯಾದ ಯೋನಿ ಸೋಂಕಿನಲ್ಲಿ ಕಾಣುವಂತೆ 4.5ರ ಮೇಲೆ ಏರಿರಲಿಲ್ಲ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ನೋಡಿದ ಸ್ಲೈಡಿನ ವರದಿ “ಶಿಲೀಂಧ್ರದ ಎಳೆಗಳಿಲ್ಲ” ಎಂದು ಬಂತು.

ಇಲ್ಲಿ ಎರಡನೆಯ ಸಲ ದಾರಿ ತಪ್ಪುವ ಸಂದರ್ಭವಿತ್ತು. ಎಳೆಗಳಿಲ್ಲ ಎಂದರೆ ಯೀಸ್ಟ್ ಇಲ್ಲ ಎಂದು ಓದಿಕೊಂಡಿದ್ದರೆ, ಇದು ಸ್ಟೀರಾಯ್ಡಿನಿಂದ ಹಾಳಾದ ಚರ್ಮ ಮಾತ್ರ ಎಂದು ತೀರ್ಮಾನಿಸಿ ಮುಲಾಮುಗಳ ಇನ್ನೊಂದು ಸುತ್ತು ಆರಂಭವಾಗುತ್ತಿತ್ತು. ತಜ್ಞೆ ಸುಮ್ಮನಾಗದೆ ಕಲ್ಚರ್‌ಗೆ ಕಳಿಸಿದರು. ಎರಡು ದಿನಕ್ಕೆ ಶಿಲೀಂಧ್ರ ಬೆಳೆಸುವ ಸಬುರೋ ಮಾಧ್ಯಮದ ಮೇಲೆ ಕೆನೆಬಣ್ಣದ ನುಣುಪಾದ ವಸಾಹತುಗಳು ಬೆಳೆದವು. ಸೀರಮ್‌ನಲ್ಲಿ 37 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಅಲ್ಬಿಕನ್ಸ್ ಮೊಳಕೆಯಂಥ ಕೊಳವೆ ಚಾಚುತ್ತದೆ, ಇದು ಚಾಚಲಿಲ್ಲ. ಇದು ಕ್ಯಾಂಡಿಡಾ ಗ್ಲಾಬ್ರಟಾ ಎಂಬ ಬೇರೆ ಪ್ರಭೇದ. ಅದು ಎಳೆಯಾಗಿ ಬೆಳೆಯುವುದೇ ಇಲ್ಲ, ಪುಟ್ಟ ಮೊಗ್ಗುಕೋಶಗಳಾಗಿಯೇ ಉಳಿಯುತ್ತದೆ, ಎಳೆ ಹುಡುಕುವ ಕಣ್ಣಿಗೆ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಫ್ಲುಕೊನಜೋಲಿನ ಮಾಮೂಲು ಪ್ರಮಾಣಕ್ಕೂ ಅದು ಸುಲಭಕ್ಕೆ ಬಗ್ಗುವುದಿಲ್ಲ. ನಾಲ್ಕು ಮಾತ್ರೆಗಳು ಯಾಕೆ ಅರ್ಧರ್ಧ ಕೆಲಸ ಮಾಡಿದವೆಂಬುದಕ್ಕೆ ಉತ್ತರ ಸಿಕ್ಕಿತು. ಮಧುಮೇಹಿಗಳಲ್ಲಿ ಇದು ಅಪರೂಪವೂ ಅಲ್ಲ: ದೆಹಲಿಯ ಏಮ್ಸ್‌ನಿಂದ 2007ರಲ್ಲಿ ಬಂದ ಅಧ್ಯಯನವೊಂದರಲ್ಲಿ ಯೀಸ್ಟ್ ಸೋಂಕಿದ್ದ 111 ಮಧುಮೇಹಿ ಮಹಿಳೆಯರ ಪೈಕಿ 68 ಮಂದಿಯಲ್ಲಿ ಗ್ಲಾಬ್ರಟಾ ಸಿಕ್ಕಿತ್ತು, ಅಲ್ಬಿಕನ್ಸ್ ಸಿಕ್ಕಿದ್ದು 32 ಮಂದಿಯಲ್ಲಿ. ಗ್ಲಾಬ್ರಟಾ ಇದ್ದವರಿಗೆ ಒಂದು ಫ್ಲುಕೊನಜೋಲ್ ಮಾತ್ರೆಗಿಂತ, 14 ದಿನ ಯೋನಿಯೊಳಗೆ ಇಡುವ ಬೋರಿಕ್ ಆಮ್ಲ ಹೆಚ್ಚು ಫಲ ಕೊಟ್ಟಿತ್ತು.

ತಜ್ಞೆ ಅದನ್ನೇ ಆರಿಸಿದರು: 600 ಮಿಲಿಗ್ರಾಂ ಕ್ಯಾಪ್ಸೂಲ್, ರಾತ್ರಿ ಒಂದರಂತೆ 14 ರಾತ್ರಿ. ಹೆಸರು ಕೇಳಿ ಆಕೆ ಗಾಬರಿಯಾದರು. “ಕೇರಂ ಬೋರ್ಡಿಗೆ ಹಾಕುವ ಪುಡಿಯೇ?” ಬೋರಿಕ್ ಪುಡಿ ಹೌದು, ಆದರೆ ಮನೆಯ ಡಬ್ಬಿಯದನ್ನು ಎಂದೂ ಬಳಸಬಾರದು; ಶುದ್ಧವಾದದ್ದನ್ನು ಅಳೆದು ತುಂಬಿಸಿದ ಕ್ಯಾಪ್ಸೂಲೇ ಬೇಕು. ಬಾಯಿಗೆ ಹೋದರೆ ಅದು ವಿಷ, ಗರ್ಭಿಣಿಯರಿಗೆ ಕೂಡದು. ಮನೆಯಲ್ಲಿ ಅತ್ತೆಯ ಮಾತ್ರೆಗಳೂ ಒಂದೇ ಕಪಾಟಿನಲ್ಲಿದ್ದವು. ಆದ್ದರಿಂದ ಕೆಂಪು ಅಕ್ಷರದಲ್ಲಿ “ನುಂಗಬಾರದು” ಎಂದು ಬರೆದ ಬೇರೆ ಡಬ್ಬಿಯಲ್ಲಿ, ಬೀಗ ಹಾಕುವ ಬೀರುವಿನಲ್ಲಿ ಇರಿಸಲು ಹೇಳಿದೆವು.

ಮಾತ್ರೆಯ ವಿಷಯದಲ್ಲಿ ತೂಗಿದ್ದು

ಡಾಪಾಗ್ಲಿಫ್ಲೋಜಿನ್ ಮತ್ತೆ ಶುರುಮಾಡಬೇಕೇ ಎಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ. ಈ ಮಾತ್ರೆಯಿಂದ ಯೀಸ್ಟ್ ಸೋಂಕು ಬಂದ ಬಹುಪಾಲು ಮಂದಿಯಲ್ಲಿ ಅದು ಒಂದೇ ಸಲ ಬಂದು, ಸಾಧಾರಣ ಚಿಕಿತ್ಸೆಗೆ ಬಗ್ಗಿ ಹೋಗುತ್ತದೆ. ಮಾತ್ರೆ ಬಿಡುವ ಅಗತ್ಯವೇ ಬೀಳುವುದಿಲ್ಲ. ಹೃದಯ ವೈಫಲ್ಯವೋ ಮೂತ್ರದಲ್ಲಿ ಆಲ್ಬುಮಿನ್ನೋ ಇದ್ದಿದ್ದರೆ, ಯೀಸ್ಟಿಗೆ ಸರಿಯಾದ ಮದ್ದು ಕೊಡುತ್ತ ಮಾತ್ರೆಯನ್ನು ಮುಂದುವರಿಸಲು ನಾನು ಒತ್ತಾಯಿಸುತ್ತಿದ್ದೆ. ಈಕೆಗೆ ಅವೆರಡೂ ಇರಲಿಲ್ಲ, ಕೀಟೋನಿನ ಅನುಭವ ಆಗಿತ್ತು, ಎಂಟು ತಿಂಗಳು ನರಳಿದ್ದರು. ಬಿಟ್ಟೆವು. ಬದಲಿಗೆ ಸಿಟಾಗ್ಲಿಪ್ಟಿನ್ ಎಂಬ ಬೇರೆ ಗುಂಪಿನ ಮಧುಮೇಹದ ಮಾತ್ರೆ ಆರಿಸಿದೆವು. ಹಳೆಯ ಗ್ಲಿಮೆಪಿರೈಡಿಗೆ ಮರಳದಿರಲು ಒಂದು ಕಾರಣ, ಮುಂದೆ ಎಂದಾದರೂ ಫ್ಲುಕೊನಜೋಲ್ ಬೇಕಾದರೆ ಅದು ಗ್ಲಿಮೆಪಿರೈಡಿನ ಬಲ ಹೆಚ್ಚಿಸಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು ಎಂಬುದು. ನಾಲ್ಕು ತಿಂಗಳ ಬಳಿಕ ಎಚ್‌ಬಿಎ1ಸಿ 7.3ಕ್ಕೆ ಏರಿ ನಿಂತಿತು, ತೂಕ ಒಂದೂವರೆ ಕಿಲೊ ಮರಳಿತು. 6.9ನ್ನು ಬಿಟ್ಟುಕೊಡುವುದು ನನಗೆ ಆಕೆಗಿಂತ ಕಷ್ಟವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಗಂಡನಿಗೆ ಯಾವ ಲಕ್ಷಣವೂ ಇರಲಿಲ್ಲವಾದ್ದರಿಂದ ಚಿಕಿತ್ಸೆ ಕೊಡಲಿಲ್ಲ. ಇದು ಸಂಸರ್ಗದಿಂದ ಬಂದ ರೋಗವಲ್ಲವೆಂದು ಅವರಿಬ್ಬರನ್ನೂ ಕೂರಿಸಿ ಹೇಳಿದೆ. ತೊಳೆಯಲು ಬರಿಯ ನೀರು ಸಾಕು, ಒಳಗೆ ಏನನ್ನೂ ಹಾಕಿ ತೊಳೆಯಬಾರದು, ಹತ್ತಿಯ ಸಡಿಲ ಒಳಉಡುಪು ಇರಲಿ ಎಂಬಷ್ಟಕ್ಕೆ ಉಪದೇಶ ಮುಗಿಯಿತು.

ಮುಂದೆ ನಡೆದದ್ದು

ಹದಿನಾಲ್ಕು ರಾತ್ರಿಗಳ ನಂತರ ನವೆ ಪೂರ್ತಿ ನಿಂತಿತ್ತು. ಒಂದು ತಿಂಗಳ ಬಳಿಕದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಸ್ಟೀರಾಯ್ಡಿನಿಂದ ತೆಳುವಾಗಿದ್ದ ಚರ್ಮ ಸರಿಹೋಗಲು ಇನ್ನೂ ಎರಡು ತಿಂಗಳು ಬೇಕಾಯಿತು. ಆ ಅವಧಿಯಲ್ಲಿ ಆಗಾಗ ಆಗುತ್ತಿದ್ದ ಉರಿಯನ್ನು ಯೀಸ್ಟ್ ಮರಳಿತೆಂದು ಭ್ರಮಿಸಿ ಆಕೆ ಎರಡು ಸಲ ಬಂದರು, ಎರಡು ಸಲವೂ ಸ್ವಾಬ್ ತೆಗೆದು ನೋಡಿದ ಮೇಲೆಯೇ ಕಳಿಸಿದೆವು.

ಐದನೆಯ ತಿಂಗಳಲ್ಲಿ ಹಲ್ಲಿನ ಬೇರಿನ ಚಿಕಿತ್ಸೆಗೆಂದು ವಾರ ಆಂಟಿಬಯೋಟಿಕ್ ತೆಗೆದುಕೊಂಡಾಗ ಸೋಂಕು ನಿಜಕ್ಕೂ ಒಮ್ಮೆ ಮರಳಿತು. ಈ ಸಲ ಮೂರನೆಯ ದಿನವೇ, ಒಬ್ಬರೇ ಬಂದರು. ಸ್ಲೈಡಿನಲ್ಲಿ ಎಳೆಗಳು ಸ್ಪಷ್ಟವಾಗಿ ಕಂಡವು, ಕಲ್ಚರ್‌ನಲ್ಲಿ ಬಂದದ್ದು ಗ್ಲಾಬ್ರಟಾ ಅಲ್ಲ, ಅಲ್ಬಿಕನ್ಸ್. ಹಳೆಯದೇ ಇರುತ್ತದೆಂದು ಬೋರಿಕ್ ಆಮ್ಲಕ್ಕೆ ಕೈಹಾಕಿದ್ದರೆ ಅನಗತ್ಯವಾಗುತ್ತಿತ್ತು. 72 ಗಂಟೆಗಳ ಅಂತರದಲ್ಲಿ ಎರಡು ಫ್ಲುಕೊನಜೋಲ್ ಮಾತ್ರೆಗೆ ವಾಸಿಯಾಯಿತು.

ಈ ಗುಂಪಿನ ಮಾತ್ರೆಗಳನ್ನು ನಾನು ಈಗಲೂ ಬರೆಯುತ್ತೇನೆ. ಬದಲಾದದ್ದು ಚೀಟಿಯ ಜತೆ ಕೊಡುವ ಒಂದು ಸಣ್ಣ ಹಾಳೆ. ಅದರ ಕರಡಿನಲ್ಲಿ ನಾನು “ಜನನಾಂಗದ ಶಿಲೀಂಧ್ರ ಸೋಂಕಿನ ಸಂಭವವಿದ್ದು, ಲಕ್ಷಣಗಳು ಕಂಡಲ್ಲಿ ಸಂಪರ್ಕಿಸತಕ್ಕದ್ದು” ಎಂದು ಬರೆದು ಆಕೆಗೇ ತೋರಿಸಿದ್ದೆ. ಆಕೆ ಕೆಂಪು ಪೆನ್ನು ತೆಗೆದು ಇಡೀ ವಾಕ್ಯಕ್ಕೆ ಅಡ್ಡಗೆರೆ ಎಳೆದು, ಕೆಳಗೆ ಬರೆದರು: “ಕೆಳಗಡೆ ನವೆ, ಉರಿ, ಬಿಳಿ ಸೆರಗು ಬಂದರೆ ಅದು ಈ ಮಾತ್ರೆಯಿಂದ ಇರಬಹುದು. ಅಂಗಡಿಯ ಕ್ರೀಮ್ ಹಚ್ಚಬೇಡಿ. ಊಟ ಬಿಡಬೇಡಿ. ಸಿಸ್ಟರ್ ಹತ್ತಿರ ಹೇಳಿದರೂ ಸಾಕು.” ಹಾಳೆ ಹಂಚಲು ಶುರುಮಾಡಿದ ಮೊದಲ ತಿಂಗಳಲ್ಲಿ ಅದನ್ನು ಕೈಯಲ್ಲಿ ಹಿಡಿದು ಮೂವರು ಬಂದರು. ಅವರಲ್ಲಿ ಒಬ್ಬರು ಗಂಡಸು. ಗಂಡಸರಿಗೂ ಶಿಶ್ನದ ತುದಿಯಲ್ಲಿ ಇದೇ ಯೀಸ್ಟ್ ಸೋಂಕು ಬರುತ್ತದೆಂಬುದು ಹಾಳೆಯಲ್ಲಿ ಇರಲಿಲ್ಲ. “ಬಿಳಿ ಸೆರಗು” ಎಂಬ ಪದದ ಮೇಲೆ ಬೆರಳಿಟ್ಟು, ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೂ ಇದೆ ಎಂದರು. ಎರಡನೆಯ ಮುದ್ರಣದಲ್ಲಿ ಅವರಿಗಾಗಿ ಒಂದು ಸಾಲು ಸೇರಿಸಿದ್ದೇವೆ.